ನೀರಿನ ಗಾಡಿಗೆ ಮಾಡಿದ ದಾರಿ

ನನ್ನ ಕಾಯಿಲೆ ಮೊದಲು ಗೊತ್ತಾದದ್ದು ಜಂಗಮಕೋಟೆಯ ಮುನಿಶಾಮಪ್ಪನವರಿಗೆ. ಅವರೇನು ಡಾಕ್ಟರಲ್ಲ, ರೇಷ್ಮೆಹುಳು ಸಾಕುವ ರೈತರು. ಗೊತ್ತಾದದ್ದು ಶಿಡ್ಲಘಟ್ಟದ ಗೂಡಿನ ಸಂತೆಯಲ್ಲಿ, ಒಂದು ಟವಲ್ಲಿನ ಕೆಳಗೆ.

ಇದನ್ನು ಈಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಆಮೇಲಾಮೇಲೆ ಗೂಡನ್ನು ಎಲ್ಲರೆದುರು ಕೂಗಿ ಹರಾಜು ಹಾಕುವುದು ಬಂತು. ನಾನು ಹೇಳುತ್ತಿರುವುದು ಅದಕ್ಕೂ ಮುಂಚಿನ, ಅರವತ್ತರ ದಶಕದ ಮೊದಲ ವರ್ಷಗಳ ಮಾತು. ಆಗ ನಮ್ಮಲ್ಲಿ ವ್ಯಾಪಾರ ಕೈಯಲ್ಲೇ ನಡೆಯುತ್ತಿತ್ತು. ಮಾರುವವನೂ ಕೊಳ್ಳುವವನೂ ಎದುರುಬದುರು ಕೂತು ಬಲಗೈ ಹಿಡಿದುಕೊಳ್ಳುವುದು, ಮೇಲೆ ಟವಲ್ ಮುಚ್ಚುವುದು. ಬೆರಳು ಹಿಡಿದರೆ ಒಂದು ಲೆಕ್ಕ, ಅಂಗೈ ಅಮುಕಿದರೆ ಇನ್ನೊಂದು ಲೆಕ್ಕ. ಬಾಯಲ್ಲಿ ಮಳೆಯ ಮಾತು, ಮಗಳ ಬಾಣಂತನದ ಮಾತು ಆಡುತ್ತಲೇ ಬೆರಳಲ್ಲಿ ಎಳೆದಾಡುತ್ತಿದ್ದೆವು. ಸುತ್ತ ನಿಂತವರಿಗೆ ಟವಲ್ ಅಲುಗುವುದೊಂದೇ ಕಾಣಿಸುತ್ತಿತ್ತು. ದರ ಕುದುರಿತೆಂದರೆ ಟವಲ್ ಕೊಡವಿ ಹೆಗಲಿಗೆ ಹಾಕಿಕೊಳ್ಳುವುದು. ಆಮೇಲೆ ಬ್ರಹ್ಮ ಬಂದು ಹೇಳಿದರೂ ಅದು ಬದಲಾಗುತ್ತಿರಲಿಲ್ಲ.

ನನ್ನದು ಅದೇ ಊರಿನಲ್ಲಿ, ಮನೆಯ ಹಿಂದೆಯೇ ಇದ್ದ ಸಣ್ಣ ನೂಲು ಬಿಚ್ಚುವ ಘಟಕ. ಕೆಲವು ಚರಕ, ಕುದಿಯುವ ನೀರಿನ ಬಾನಿಗಳು, ಸದಾ ಬೆಂದ ಹುಳುವಿನ ವಾಸನೆ. ಆ ವಾಸನೆಗೆ ಬಂದ ನೆಂಟರು ಮೂಗು ಮುಚ್ಚಿಕೊಳ್ಳುತ್ತಿದ್ದರು, ನಮಗೆ ಅದು ಅನ್ನದ ವಾಸನೆ. ಗೂಡು ಆರಿಸುವುದು ನನ್ನ ಹೆಂಡತಿ ನಂಜಮ್ಮನ ಕೆಲಸ, ಕೊಳ್ಳುವುದು ನನ್ನ ಕೆಲಸ. ನನ್ನ ಬಂಡವಾಳವೆಲ್ಲ ಈ ಬಲಗೈಯಲ್ಲಿತ್ತು. ಎದುರಿನವನ ಅಂಗೈ ಹಿಡಿದರೆ ಸಾಕು, ಇವನಿಗೆ ಇವತ್ತೇ ಮಾರಬೇಕಾದ ಅವಸರ ಇದೆಯೋ ಇಲ್ಲವೋ ಎಂದು ನನಗೆ ತಿಳಿದುಬಿಡುತ್ತಿತ್ತು. ಅದೇ ರೀತಿ ನನ್ನದೂ ಎದುರಿನವನಿಗೆ ತಿಳಿಯುತ್ತದೆ ಎಂಬುದನ್ನು ನಾನು ಯೋಚಿಸಿರಲಿಲ್ಲ.

ಎದೆ ಹೊಡೆದುಕೊಳ್ಳುವುದು ಅದಕ್ಕೆ ಕೆಲವು ತಿಂಗಳ ಮೊದಲೇ ಶುರುವಾಗಿತ್ತು. ಮೊದಲ ಸಲ ಬಾನಿಯ ಪಕ್ಕ ನಿಂತಿದ್ದಾಗ ಬಂತು. ಕಾರಣವಿಲ್ಲದೆ ಎದೆ ಡವಡವ, ಕೈಕಾಲು ತಣ್ಣಗೆ, ಕಣ್ಣಿನ ಮುಂದೆ ಉಗಿಯ ಜೊತೆ ಗೋಡೆಯೂ ತೇಲಿದ ಹಾಗೆ. ಗೂಡಿನ ಮೂಟೆಯ ಮೇಲೆ ಕೂತು, ಸತ್ತೆ ಅಂದುಕೊಂಡೆ. ಸಾಯಲಿಲ್ಲ. ಸ್ವಲ್ಪ ಹೊತ್ತಿಗೆ ಹೋಯಿತು, ಎರಡು ದಿನ ಬಿಟ್ಟು ಮತ್ತೆ ಬಂತು. ಯಾರಿಗೂ ಹೇಳಲಿಲ್ಲ. ಅದೇ ವರ್ಷ ಅಣ್ಣನಿಗೂ ನನಗೂ ಭಾಗವಾಗಿತ್ತು, ಒಂದೇ ಒಲೆಯಲ್ಲಿ ಉಂಡವರು ಅಂಗಳದ ಮಧ್ಯೆ ಗೋಡೆ ಎಬ್ಬಿಸಿದ್ದೆವು. ಒಂದು ಕಂತು ಗೂಡು ಹೊತ್ತಿಗೆ ಸರಿಯಾಗಿ ಬಿಚ್ಚಲಾಗದೆ ಚಿಟ್ಟೆ ಕೊರೆದು ಹಾಳಾಗಿತ್ತು. ದೊಡ್ಡ ಕಷ್ಟ ಎನ್ನುವಂಥದ್ದು ಒಂದೂ ಇರಲಿಲ್ಲ. ಅದಕ್ಕೇ ಹೇಳಿಕೊಳ್ಳಲು ಇನ್ನಷ್ಟು ನಾಚಿಕೆ.

ಆ ದಿನ ಮುನಿಶಾಮಪ್ಪನವರು ತಂದದ್ದು ಬಿಗಿಯಾದ ಹಳದಿ ಗೂಡು. ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗಿನ ಹುಳು ಕಟಕಟ ಎನ್ನುತ್ತಿತ್ತು. ಕೈ ಕೊಟ್ಟೆ, ಟವಲ್ ಮುಚ್ಚಿದರು. ಮೂರು ಬೆರಳು ಹಿಡಿದು ಅಲ್ಲಿಗೆ ನಿಲ್ಲಿಸಬೇಕೆಂದಿದ್ದೆ. ಆಗಲೇ ಎದೆ ಹೊಡೆದುಕೊಳ್ಳಲು ಶುರುವಾಯಿತು, ಕೈ ನಡುಗಿತು, ನಾಲ್ಕನೆಯ ಬೆರಳೂ ನನ್ನ ಮುಷ್ಟಿಯೊಳಗೆ ಬಂದು ದರ ಒಂದು ಬೆರಳು ಏರಿಬಿಟ್ಟಿತು. "ಆಯ್ತು" ಎಂದು ಅವರು ಟವಲ್ ಕೊಡವಿದರು.

ನಾನು ಬಾಯಿ ಬಿಡುವ ಹಾಗಿರಲಿಲ್ಲ. ಕೈ ತಪ್ಪಿತು ಎಂದು ಸಂತೆಯಲ್ಲಿ ಒಮ್ಮೆ ಹೇಳಿದವನ ಕೈಯನ್ನು ಆಮೇಲೆ ಯಾರೂ ನಂಬಿ ಹಿಡಿಯುವುದಿಲ್ಲ. ಗೂಡು ತೂಗಿಸಿಕೊಂಡು ಹೊರಟಾಗ ಮುನಿಶಾಮಪ್ಪನವರು ಪಕ್ಕಕ್ಕೆ ಕರೆದರು.

"ಚನ್ನಪ್ಪ, ಬೇಜಾರು ಮಾಡ್ಕೋಬೇಡ. ಈಚೀಚೆಗೆ ನಿನ್ ಕೈ ತಣ್ಣಗಾಗ್ತಾ ಐತೆ, ಬೆವರ್ತಾ ಐತೆ. ಇವತ್ತಂತೂ ಹಕ್ಕಿಮರಿ ಹಿಡ್ಕೊಂಡಂಗಿತ್ತು. ಡಾಕ್ಟ್ರಿಗೆ ತೋರ್ಸಪ್ಪ."

"ಹಂಗಾದ್ರೆ ಆ ಬೆರಳು ಬೇಕು ಅಂತ ಹಿಡಿದಿದ್ದಲ್ಲ ಅಂತ ನಿಮಗೆ ಗೊತ್ತಾಯ್ತು?"

"ಗೊತ್ತಾಗ್ದೆ ಏನು? ಆದ್ರೆ ಬೆರಳು ಬೆರಳೇ ಕಣಪ್ಪ. ಟವಲ್ ಕೊಡವಿದ್ ಮೇಲೆ ನಾನೂ ಬಿಚ್ಚಂಗಿಲ್ಲ, ನೀನೂ ಬಿಚ್ಚಂಗಿಲ್ಲ."

ಸಿಟ್ಟು ಬಂತು. ದಾರಿಯಲ್ಲಿ ಯೋಚಿಸಿದಾಗ ನಗುವೂ ಬಂತು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ, ಡಾಕ್ಟರ ಮಾತು ಹೇಳುತ್ತಿದ್ದೆನೋ ಇಲ್ಲವೋ. ಆದರೆ ಸುದ್ದಿ ಅಲ್ಲಿಗೆ ನಿಲ್ಲಲಿಲ್ಲ. ಮುಂದಿನ ಸಂತೆಗಳಲ್ಲಿ ರೈತರು ನನ್ನ ಕೈಯನ್ನು ಬೇಕೆಂದೇ ತುಂಬ ಹೊತ್ತು ಹಿಡಿದು ಕೂರತೊಡಗಿದರು. ಇವನು ಕಾಯಲಾರ, ಬೇಗ ಮುಗಿಸಿ ಎದ್ದುಬಿಡುತ್ತಾನೆ ಎಂದು ಅವರಿಗೆ ಗೊತ್ತಾಗಿತ್ತು. ನಿಜವೇ. ದರ ಹೇಗಾದರಾಗಲಿ, ಕೈ ಬಿಡಿಸಿಕೊಂಡರೆ ಸಾಕು ಎನ್ನಿಸುತ್ತಿತ್ತು. ಒಂದು ದಿನ ಸಂತೆಯ ಬಾಗಿಲವರೆಗೆ ಹೋಗಿ ಒಳಗೆ ಕಾಲಿಡಲಾಗದೆ ವಾಪಸು ಬಂದೆ.

ಅವತ್ತು ನಂಜಮ್ಮನಿಗೆ ಎಲ್ಲ ಹೇಳಿದೆ. ಅವಳು ಗೂಡಿನ ತಟ್ಟೆ ಪಕ್ಕಕ್ಕಿಟ್ಟು ನನ್ನ ಮುಖ ನೋಡಿದಳು. "ಇಷ್ಟು ದಿನ ಒಬ್ರೇ ನುಂಗ್ಕೊಂಡಿದ್ರಾ?" ಎಂದಳು, ಅಷ್ಟೇ. ಅಮ್ಮ ಮಾತ್ರ ಅಳುತ್ತಾ ಬಂದರು. ಅವರ ತವರು ಆಂಧ್ರದ ಗಡಿಯ ಕಡೆ, ಗಾಬರಿಯಾದರೆ ತೆಲುಗು ಬಂದುಬಿಡುತ್ತಿತ್ತು. "ಏಮಾಯೆ ನಾಯನಾ, ಯಾರ ಕಣ್ಣು ಬಿತ್ತೋ" ಎಂದು ಮೆಣಸಿನಕಾಯಿ ಉಪ್ಪು ನಿವಾಳಿಸಿ ಒಲೆಗೆ ಹಾಕಿದರು. ಚಟಪಟ ಸಿಡಿದ ಸದ್ದಿಗೆ ನನ್ನ ಎದೆ ಇನ್ನೊಂದು ಸುತ್ತು ಹೊಡೆದುಕೊಂಡಿತು.

ಚಿಕ್ಕಬಳ್ಳಾಪುರದಲ್ಲಿ ಒಬ್ಬ ಒಳ್ಳೆಯ ಡಾಕ್ಟರಿದ್ದಾರೆ ಎಂದು ಬಸ್ಸು ಹತ್ತಿದೆವು. ಅವರ ಷಾಪಿನ ಹೊರಗೆ ಉದ್ದನೆಯ ಬೆಂಚು. ಎಲ್ಲರ ಕೈಯಲ್ಲೂ ಔಷಧಿಗೆಂದು ಮನೆಯಿಂದ ತಂದ ಖಾಲಿ ಬಾಟಲಿ. ಗೋಡೆಯ ಮೇಲೆ ದೊಡ್ಡ ಲೋಲಕದ ಗಡಿಯಾರ. ನಾನು ಕೂತು ನನ್ನ ಎದೆಯ ಬಡಿತವನ್ನು ಅದರ ಬಡಿತಕ್ಕೆ ಹೋಲಿಸಿ ನೋಡುತ್ತಿದ್ದೆ. ಎದೆಯೇ ಮುಂದೆ ಓಡುತ್ತಿತ್ತು. ಪಕ್ಕದಲ್ಲಿ ಕೂಸನ್ನು ಮಲಗಿಸಿಕೊಂಡಿದ್ದ ಹೆಂಗಸು ನಂಜಮ್ಮನನ್ನು "ನಿಮ್ಮೆಜಮಾನ್ರಿಗೆ ಏನಮ್ಮ?" ಎಂದು ಕೇಳಿದಳು. "ಎದೆ" ಎಂದಳು ಇವಳು. ಆ ಹೆಂಗಸು ಅಯ್ಯೋ ಪಾಪ ಎಂಬಂತೆ ನನ್ನನ್ನು ನೋಡಿ, ಕೂಸಿನ ಕಾಲು ನನಗೆ ತಾಗದಂತೆ ಎಳೆದುಕೊಂಡಳು. ಆ ಕ್ಷಣ ನಾನು ಸಾಯುವುದು ಖಂಡಿತ ಅನ್ನಿಸಿತು. ನಂಜಮ್ಮ ಚೀಲದಿಂದ ಕಿತ್ತಳೆ ತೆಗೆದು ಸುಲಿದು, ಒಂದೊಂದೇ ತೊಳೆ ನನ್ನ ಕೈಗೆ ಕೊಡತೊಡಗಿದಳು. ಬಾಯಿ ಒಣಗಿದವನಿಗೆ ಅದೊಂದು ದೊಡ್ಡ ಉಪಕಾರವಾಯಿತು.

ಡಾಕ್ಟರು ತುಂಬ ಹೊತ್ತು ಕೊಳವೆ ಇಟ್ಟು ಕೇಳಿದರು. ಕತ್ತು ಮುಟ್ಟಿ ನೋಡಿದರು, ಕೈ ಚಾಚಿಸಿ ನೋಡಿದರು.

"ಎದೆ ಚೆನ್ನಾಗಿದೆ" ಎಂದರು.

"ಹೊಡ್ಕೊಳ್ಳುತ್ತಲ್ಲ ಡಾಕ್ಟ್ರೇ?"

"ಹೊಡ್ಕೊಳ್ಳದೆ ಇದ್ದಿದ್ರೆ ನೀವು ಬಸ್ಸು ಹತ್ತಿ ಇಲ್ಲಿಗೆ ಬರ್ತಿದ್ರಾ?"

ನನಗೆ ನಗು ಬರಲಿಲ್ಲ. ನನ್ನ ಸಮಾಧಾನಕ್ಕೆ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಚೀಟಿ ಕೊಟ್ಟರು. ಅಲ್ಲಿ ಎದೆಗೆ, ಕೈಕಾಲಿಗೆ ತಂತಿ ಕಟ್ಟಿ ಗ್ರಾಫು ತೆಗೆದರು. ಅದರಲ್ಲೂ ಏನೂ ಇರಲಿಲ್ಲ. ಕಾಯಿಲೆಯ ಅನುಭವ ಇಲ್ಲದವರಿಗೆ ಇದು ಅರ್ಥವಾಗುವುದು ಕಷ್ಟ, ಏನೂ ಇಲ್ಲ ಎಂದಾಗ ನನಗೆ ಸಂತೋಷದ ಜೊತೆ ಅವಮಾನವೂ ಆಯಿತು. ಕ್ಷಯವೋ ಸಕ್ಕರೆಯೋ ಆಗಿದ್ದರೆ ಊರಲ್ಲಿ ಹೇಳಿಕೊಳ್ಳಲು ಒಂದು ಹೆಸರಾದರೂ ಇರುತ್ತಿತ್ತು. ಮತ್ತೆ ಚಿಕ್ಕಬಳ್ಳಾಪುರಕ್ಕೆ ಹೋದಾಗ ಡಾಕ್ಟರು ಹೇಳಿದರು, "ಇದು ಸುಳ್ಳು ಕಾಯಿಲೆ ಅಲ್ಲ. ಮನಸ್ಸಿನ ಭಾರ ನರಕ್ಕೆ ಇಳಿದಿದೆ. ಕಾಫಿ ಕಮ್ಮಿ ಮಾಡಿ. ಬೀಡಿ ಬಿಡಿ. ದಿನಾ ಸಮತಟ್ಟಾದ ನೆಲದಲ್ಲಿ ನಡೀರಿ. ಕೆಲಸಕ್ಕಲ್ಲ, ಸುಮ್ನೆ."

"ಸುಮ್ನೆ ಅಂದ್ರೆ?"

"ಸುಮ್ನೆ ಅಂದ್ರೆ ಸುಮ್ನೆ."

ಇದರಷ್ಟು ಕಷ್ಟದ ಔಷಧಿಯನ್ನು ನಮ್ಮೂರಲ್ಲಿ ಯಾರೂ ಕೊಟ್ಟಿರಲಿಲ್ಲ. ಹೊರಟವರನ್ನು ಎಲ್ಲಿಗೆ ಎಂದು ಕೇಳಿದರೆ ಅಪಶಕುನ, ಆದ್ದರಿಂದ ನಮ್ಮವರು "ದೂರ ಹೊರಟ್ರಾ?" ಎಂದು ಕೇಳುತ್ತಾರೆ. ಕೇಳದೆ ಮಾತ್ರ ಬಿಡುವುದಿಲ್ಲ. ಮನೆಯಿಂದ ಹೊರಬಿದ್ದ ಕೂಡಲೇ ಪಕ್ಕದ ಮನೆಯವರು, ಆಮೇಲೆ ಕಾಫಿ ಹೋಟೆಲಿನವರು, ಆಮೇಲೆ ಸೈಕಲ್ ಷಾಪಿನವರು. "ಏನ್ ಚನ್ನಪ್ಪನೋರೆ, ದೂರಾನಾ?" "ಇಲ್ಲೇ." "ಇಲ್ಲೇ ಅಂದ್ರೆ?" ಅದಕ್ಕೆ ಉತ್ತರ ಎಲ್ಲಿಂದ ತರಲಿ? ವಾಪಸು ಬರುವಾಗ, "ಆಗ್ಲೇ ಆಯ್ತಾ ಕೆಲ್ಸ?" ಕೊನೆಗೆ ಖಾಲಿ ಕೈಚೀಲ ಹಿಡಿದುಕೊಂಡು ಹೊರಡಲು ಶುರುಮಾಡಿದೆ. ಚೀಲ ಕಂಡರೆ ಅರ್ಧ ಜನ ಕೇಳುವುದಿಲ್ಲ. ಇನ್ನರ್ಧ ಜನ ಚೀಲದೊಳಗೆ ಇಣುಕಿದರು.

ರಸ್ತೆಯೂ ಸುಮ್ಮನೆ ನಡೆಯುವಂಥದ್ದಲ್ಲ. ಗಾಡಿ ಚಕ್ರದ ಕೊರಕಲು, ಚರಂಡಿಯ ಮೇಲಿನ ಅಲುಗಾಡುವ ಚಪ್ಪಡಿ, ಹಿಂದಿನಿಂದ ಜಟಕಾದವನ ಕೂಗು. ಪ್ರತಿ ಕೂಗಿಗೂ ಎದೆ ಬಾಯಿಗೆ ಬರುತ್ತಿತ್ತು. ಇಲ್ಲೇ ಬಿದ್ದರೆ ಎಲ್ಲರೂ ಸುತ್ತುವರಿದು ನೋಡುತ್ತಾರೆ ಎಂಬ ಭಯ. ಸಾವಿಗಿಂತ ಆ ಗುಂಪಿಗೇ ಹೆಚ್ಚು ಹೆದರುತ್ತಿದ್ದೆ ಎಂದು ಕಾಣುತ್ತದೆ.

ನಮ್ಮ ಬೀದಿಯ ಕೊನೆಯಲ್ಲಿ ಮುನಿಸಿಪಾಲಿಟಿಯ ಒಂದು ಪುಟ್ಟ ಪಾರ್ಕಿತ್ತು. ಕಣಗಿಲೆ, ನಾಲ್ಕಾರು ಹೊಂಗೆ ಮರ, ಮಧ್ಯೆ ರೇಡಿಯೋ ಇಟ್ಟ ಚಿಕ್ಕ ಮಂಟಪ. ಸಂಜೆ ವಾರ್ತೆಯ ಹೊತ್ತಿಗೆ ಮಾತ್ರ ಗಂಡಸರು ಸೇರುತ್ತಿದ್ದರು, ಉಳಿದ ಹೊತ್ತು ಖಾಲಿ. ಒಂದು ದಿನ ಜಟಕಾಕ್ಕೆ ಹೆದರಿ ಅದರೊಳಗೆ ನುಗ್ಗಿದೆ. ಸುತ್ತಲೂ ಗರಸು ಹಾಕಿ ದಮ್ಮಸು ಮಾಡಿದ ದಾರಿ. ಎಲ್ಲೂ ಒಂದು ಮೆಟ್ಟಿಲಿಲ್ಲ, ಏರಿಲ್ಲ. ಒಂದು ಪಕ್ಕಕ್ಕೆ ಸೊಂಟದೆತ್ತರದ ಕಲ್ಲುಕೂಚಗಳ ಸಾಲು, ಅವಕ್ಕೆ ಬಿಗಿದ ದಪ್ಪ ತಂತಿ. ಪ್ರತಿ ತಿರುವಿನಲ್ಲೂ ಒಂದು ಕಲ್ಲು ಬೆಂಚು. ಇಷ್ಟು ಉಪಕಾರದ ದಾರಿಯನ್ನು ನಮ್ಮ ಮುನಿಸಿಪಾಲಿಟಿ ಯಾರಿಗೆ ಮಾಡಿತು ಎಂದು ಆಶ್ಚರ್ಯವಾಯಿತು. ಗಿಡಕ್ಕೆ ನೀರು ಹಾಕುವ ಪೀಪಾಯಿ ಗಾಡಿಗೆ ಮಾಡಿದ್ದಂತೆ. ಪೀಪಾಯಿ ತುಳುಕಬಾರದೆಂದು ನೆಲ ಮಟ್ಟ, ಗಾಡಿ ನುಗ್ಗಬೇಕೆಂದು ಬಾಗಿಲು ಅಗಲ, ಗಾಡಿ ಜಾರಿ ಗಿಡಕ್ಕೆ ಹೊಡೆಯಬಾರದೆಂದು ತಂತಿ. ಬೆಂಚು ಬಿಟ್ಟರೆ ಮನುಷ್ಯರ ಯೋಚನೆ ಯಾರೂ ಮಾಡಿರಲಿಲ್ಲ.

ಇದನ್ನು ನನಗೆ ಹೇಳಿದವರು ಖಾದರ್ ಮೇಷ್ಟ್ರು. ಉರ್ದು ಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಲಕ್ವ ಹೊಡೆದು ಎಡಗಾಲು ಸ್ವಾಧೀನ ತಪ್ಪಿತ್ತು. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಆ ತಂತಿ, ಕಾಲನ್ನು ಎಳೆದು ಎಳೆದು ಸುತ್ತುತ್ತಿದ್ದರು. ನನ್ನನ್ನು ನಿಲ್ಲಿಸಿ ಏನು ಕಾಯಿಲೆ ಎಂದು ಕೇಳಿದರು. ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ.

"ಅರೇ ಚನ್ನಪ್ಪ, ಒಳ್ಳೇದಾಯ್ತು. ನಂದು ಎದೆ ಗಟ್ಟಿ, ಕಾಲು ಕೇಳಲ್ಲ. ನಿಮ್ದು ಕಾಲು ಗಟ್ಟಿ, ಎದೆ ಕೇಳಲ್ಲ. ಇಬ್ರೂ ಸೇರಿ ಒಬ್ಬ ಮನುಷ್ಯ ಆಗ್ತೀವಿ. ನಡೀರಿ."

ಹಾಗೆ ನಾನು ಅವರ ನಡಿಗೆಗೆ ನಡೆಯತೊಡಗಿದೆ. ಅದು ಎಷ್ಟು ನಿಧಾನವೆಂದರೆ ಎದೆಗೆ ಓಡಲು ನೆಪವೇ ಸಿಗುತ್ತಿರಲಿಲ್ಲ. ಬಡಿತ ಬಂದರೆ ಮುಂದಿನ ತಿರುವಿನಲ್ಲಿ ಬೆಂಚಿದೆ ಎಂಬ ಧೈರ್ಯ. ಅದೊಂದು ಧೈರ್ಯ ಇದ್ದುದರಿಂದಲೇ ಎಷ್ಟೋ ಸಲ ಬೆಂಚಿನ ಮೇಲೆ ಕೂರದೆ ಮುಂದೆ ಹೋದೆ. ಬಂದದ್ದು ಬರಲಿ ಎಂದು ನಡೆಯುತ್ತಲೇ ಇದ್ದರೆ ಅದು ತಾನಾಗಿ ಇಳಿಯುತ್ತದೆ ಎಂದು ಅಲ್ಲೇ ಕಲಿತದ್ದು. ಎಲ್ಲ ದಿನವೂ ಹಾಗಾಗಲಿಲ್ಲ. ಮೇಷ್ಟ್ರಿಗೆ ಜ್ವರ ಬಂದು ಬಾರದಿದ್ದ ಒಂದು ಬೆಳಿಗ್ಗೆ ಒಬ್ಬನೇ ಹೋದೆ. ದೂರದ ತಿರುವಿನಲ್ಲಿ ಎಂದೂ ಬಾರದಷ್ಟು ಜೋರಾಗಿ ಬಂತು. ಗಿಡ ಹಾರಿ, ಬೇಲಿ ನುಸುಳಿ, ಪಂಚೆ ಹರಿದುಕೊಂಡು ಮನೆಗೆ ಓಡಿದೆ.

"ನಾಳೆಯಿಂದ ನಾನೂ ಬರ್ತೀನಿ" ಎಂದಳು ನಂಜಮ್ಮ.

ಅಮ್ಮನಿಗೆ ಅದು ಸರಿಬೀಳಲಿಲ್ಲ. "ಗಂಡ ಹೆಂಡ್ತಿ ಪಾರ್ಕಲ್ಲಿ ಸುತ್ತೋದಾ? ಅರಳಿಮರ ಸುತ್ತಿದ್ರೆ ಪುಣ್ಯನಾದ್ರೂ ಬರ್ತಿತ್ತು."

"ಡಾಕ್ಟ್ರು ಪಾರ್ಕು ಅಂದವ್ರೆ ಅತ್ತೆ. ಅರಳಿಮರದ ಸುತ್ತ ಬೇರು ಐತೆ, ಎಡವ್ತಾರೆ."

ಡಾಕ್ಟರು ಪಾರ್ಕಿನ ಹೆಸರೆತ್ತಿರಲೇ ಇಲ್ಲ. ಅವಳು ಬಂದಳು, ಆದರೆ ಪಕ್ಕದಲ್ಲಿ ನಡೆಯಲಿಲ್ಲ. ಸೆರಗು ಹೊದ್ದು, ಒಂದಷ್ಟು ಹಿಂದೆ ಬರುತ್ತಿದ್ದಳು. ನಾನು ನಿಂತರೆ ಅವಳೂ ನಿಲ್ಲುತ್ತಿದ್ದಳು. ನೋಡಿದವರು ಇವರ ಮನೆಯಲ್ಲಿ ಜಗಳವಾಗಿದೆ ಎಂದು ಮಾತಾಡಿಕೊಂಡರಂತೆ. ಅಣ್ಣನ ಕಿವಿಗೂ ಬಿದ್ದು, ಭಾಗವಾದ ಮೇಲೆ ಮೊದಲ ಸಲ ನಮ್ಮ ಬಾಗಿಲಿಗೆ ಬಂದ. "ಏನೋ, ಎಲ್ಲ ಸರಿ ಇದೀರಾ?" ಎಂದು ಕೇಳಿ, ಕಾಫಿ ಕುಡಿದು ಹೋದ. ಇದನ್ನೂ ನಾನು ಆ ದಾರಿಯ ಲೆಕ್ಕಕ್ಕೇ ಬರೆದುಕೊಂಡಿದ್ದೇನೆ.

ತಿಂಗಳುಗಳು ಕಳೆದವು. ನಿದ್ದೆ ಬರತೊಡಗಿತು, ಊಟ ಸೇರತೊಡಗಿತು. ಆದರೆ ಸಂತೆಯ ಬಾಗಿಲು ಮಾತ್ರ ದಾಟಲಾಗಲಿಲ್ಲ. ನನ್ನ ಬದಲು ಷಡ್ಡಕ ಗೂಡು ಕೊಂಡು ತರುತ್ತಿದ್ದ. ಒಳ್ಳೆಯ ಮನುಷ್ಯ, ಜೋರು ಮಾತು, ಗೂಡಿನ ಗಂಧಗಾಳಿ ಇಲ್ಲ. ತಂದದ್ದರಲ್ಲಿ ಕಲೆ ಗೂಡು, ಜೋಡಿ ಗೂಡು, ಪೊಳ್ಳು ಗೂಡನ್ನು ನಂಜಮ್ಮ ಆರಿಸಿ ಎಸೆದರೆ ತಟ್ಟೆ ಅರ್ಧ ಖಾಲಿ. ನೂಲಿನ ಎಳೆ ಕಡಿಯುತ್ತಿತ್ತು. ಬಾನಿಗಳಲ್ಲಿ ಒಂದರ ಒಲೆ ಆರಿಸಿದೆವು, ಆಮೇಲೆ ಇನ್ನೊಂದು. ಕೆಲಸಕ್ಕೆ ಬರುತ್ತಿದ್ದ ಹೆಂಗಸರು ಬೇರೆ ಕಡೆ ನೋಡಿಕೊಳ್ಳಲೇ ಎಂದು ಕೇಳತೊಡಗಿದರು. ನಾನು ಮತ್ತೆ ಟವಲ್ಲಿನ ಕೆಳಗೆ ಕೈ ಕೊಡದಿದ್ದರೆ ಉಳಿದ ಒಲೆಗಳೂ ಆರುವುದು ಖಚಿತವಿತ್ತು. ನಡೆಯಬಲ್ಲೆ, ಮಾತಾಡಬಲ್ಲೆ. ಇನ್ನೊಬ್ಬನ ಕೈಯಲ್ಲಿ ಕೈಯಿಟ್ಟು ಅಲ್ಲಾಡದೆ ಕೂರುವುದು ಎಂದು ನೆನೆದರೆ ಸಾಕು, ಬೆರಳು ತಣ್ಣಗಾಗುತ್ತಿತ್ತು.

ಒಂದು ಬೆಳಿಗ್ಗೆ ಪಾರ್ಕಿನ ಬೆಂಚಿನಲ್ಲಿ ಕೂತು ಇದನ್ನೇ ಹೇಳಿದೆ. ನಂಜಮ್ಮ ಬೆಂಚಿನ ಇನ್ನೊಂದು ತುದಿಯಲ್ಲಿದ್ದಳು.

"ಕೊಡಿ ಇಲ್ಲಿ" ಎಂದಳು.

"ಏನು?"

"ಕೈ ಕೊಡಿ. ಅದೆಂಗೆ ನಡುಗ್ತದೋ ನೋಡಣ."

ನಾನು ಸುತ್ತ ನೋಡಿದೆ. ರೇಡಿಯೋ ಮಂಟಪದ ಮುಂದೆ ಇಬ್ಬರು ಕೂತಿದ್ದರು. ತಂತಿಯ ಪಕ್ಕ ಮೇಷ್ಟ್ರು ಕಾಲೆಳೆಯುತ್ತಾ ಬರುತ್ತಿದ್ದರು. ಮದುವೆಯ ದಿನ ಧಾರೆಯಲ್ಲಿ ಹಿಡಿದದ್ದು ಬಿಟ್ಟರೆ ನಾಲ್ಕು ಜನರೆದುರು ನಾನು ಅವಳ ಕೈ ಹಿಡಿದವನಲ್ಲ. ನಮ್ಮೂರಲ್ಲಿ ಯಾರೂ ಹಿಡಿಯುವುದಿಲ್ಲ. "ಜನ ಅವ್ರೆ ಕಣೇ" ಎಂದೆ. "ಅದಕ್ಕೇ ಟವಲ್ ಇರೋದಲ್ವಾ?" ಎಂದು ನನ್ನ ಹೆಗಲಿನ ಟವಲ್ ತೆಗೆದು ಮಧ್ಯೆ ಹಾಸಿದಳು.

ಎಷ್ಟೋ ವರ್ಷದಿಂದ ನಾನು ತಂದ ಗೂಡನ್ನು ಆರಿಸುತ್ತಿದ್ದವಳಿಗೆ ಆ ಗೂಡಿನ ದರ ಬೆರಳಲ್ಲಿ ಹೇಗೆ ಕುದುರುತ್ತದೆಂದು ಗೊತ್ತಿರಲಿಲ್ಲ. ಹೆಂಗಸರು ಸಂತೆಗೆ ಬರುತ್ತಿರಲಿಲ್ಲ, ಅವಳು ಕೇಳಲೂ ಇಲ್ಲ, ನಾನು ಹೇಳಲೂ ಇಲ್ಲ. ಅವತ್ತು ಹೇಳಿಕೊಟ್ಟೆ. ಈ ಬೆರಳು ಇಷ್ಟು, ಈ ಗೆಣ್ಣು ಇಷ್ಟು, ಅಂಗೈ ಹೀಗೆ ಅಮುಕಿದರೆ ಇಷ್ಟು, ಬೇಡ ಎನ್ನಬೇಕಾದರೆ ಬೆರಳು ಸಡಿಲಿಸು. ಬಿಸಿನೀರಿನಲ್ಲಿ ಅದ್ದಿ ಅದ್ದಿ ಗೂಡಿನ ಕೆಲಸ ಮಾಡಿದ ಅವಳ ಬೆರಳ ತುದಿಗಳು ಒರಟಾಗಿದ್ದವು. ಅದು ಕೂಡ ನನಗೆ ಅವತ್ತೇ ಸರಿಯಾಗಿ ಗೊತ್ತಾದದ್ದು. ಮನಸ್ಸಿಗೆ ಕಷ್ಟವಾಯಿತು. ನನ್ನ ಕೈ ನಡುಗಿತು. ಅವಳು ಬಿಡಲಿಲ್ಲ, ಮಾತೂ ನಿಲ್ಲಿಸಲಿಲ್ಲ. "ಈ ಸಲ ಹೊಂಗೆ ಎಷ್ಟು ಹೂ ಬಿಟ್ಟೈತೆ ನೋಡಿ" ಎನ್ನುತ್ತಲೇ ಒಂದು ಬೆರಳು ಜಾಸ್ತಿ ಎಳೆದಳು.

ಆಮೇಲೆ ದಿನಾ ಇದೇ ಆಯಿತು. ಒಂದೆರಡು ಸುತ್ತು ನಡಿಗೆ, ಆಮೇಲೆ ಬೆಂಚಿನಲ್ಲಿ ವ್ಯಾಪಾರ. ನಂಜಮ್ಮ ಮಾರುವವಳು, ನಾನು ಕೊಳ್ಳುವವನು. ಸಂತೆಯ ಯಾವ ರೈತನೂ ನನ್ನನ್ನು ಅಷ್ಟು ಸತಾಯಿಸಿರಲಿಲ್ಲ. ಬಡಿತ ಬಂದಾಗ ಕೈ ಬಿಡಿಸಿಕೊಳ್ಳಲು ನೋಡಿದರೆ "ಇನ್ನೂ ದರ ಆಗಿಲ್ಲ" ಎಂದು ಹಿಡಿದು ಕೂರಿಸುತ್ತಿದ್ದಳು. ಅಲ್ಲಿ ಬಂದು ಅಲ್ಲೇ ಇಳಿಯುತ್ತಿತ್ತು. ಜನ ನೋಡಿದರು. ಟವಲ್ ಇದ್ದುದರಿಂದ ಯಾರೂ ಏನೂ ಅನ್ನುವ ಹಾಗಿರಲಿಲ್ಲ. ಶಿಡ್ಲಘಟ್ಟದಲ್ಲಿ ಟವಲ್ಲಿನ ಕೆಳಗಿನದು ವ್ಯಾಪಾರ, ಅದನ್ನು ಇಣುಕಿ ನೋಡುವುದು ಮರ್ಯಾದೆಯಲ್ಲ. ಮೇಷ್ಟ್ರು ಮಾತ್ರ ಹಾದುಹೋಗುವಾಗ ಬೇರೆ ಕಡೆ ಮುಖ ಮಾಡಿ, "ಆಗ್ಲಿ, ಆಗ್ಲಿ, ಗೂಡು ಒಳ್ಳೇದೈತೆ" ಎಂದು ರೇಗಿಸುತ್ತಿದ್ದರು.

ನಂಜಮ್ಮನೇ ಒಂದು ದಿನ, "ನಾಳೆ ಸಂತೆಗೆ ಹೋಗಿ" ಎಂದಳು.

"ಆಗದಿದ್ರೆ?"

"ಆಗದಿದ್ರೆ ಬನ್ನಿ. ನಾನು ಪಾರ್ಕಲ್ಲೇ ಇರ್ತೀನಿ."

ಹೋದೆ. ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತೆ. ಗದ್ದಲ, ಗೂಡಿನ ವಾಸನೆ, ಕೂಗು. ಒಳಗೆ ಕಾಲಿಟ್ಟೆ. ಮುನಿಶಾಮಪ್ಪನವರು ಕಂಡ ಕೂಡಲೇ ಕೈ ಚಾಚಿದರು. ಬೇರೆ ಯಾರ ಬಳಿಯಾದರೂ ಹೋಗೋಣವೆನ್ನಿಸಿತು, ಹೋಗಲಿಲ್ಲ. ಎದುರು ಕೂತೆ, ಟವಲ್ ಮುಚ್ಚಿದರು. ಅವರು ಅಳಿಯನ ವಿಷಯ ಮಾತಾಡುತ್ತಾ ನನ್ನ ಕೈಯನ್ನು ತುಂಬ ಹೊತ್ತು ಹಾಗೇ ಹಿಡಿದಿದ್ದರು, ಬೆರಳು ಮುಟ್ಟಲೇ ಇಲ್ಲ. ಎದೆ ಶುರುವಾಯಿತು. ನಾನು ಮನಸ್ಸಿನಲ್ಲೇ ಪಾರ್ಕಿನ ಬಾಗಿಲು ಹೊಕ್ಕೆ. ನೀರಿನ ನಲ್ಲಿ, ಕಣಗಿಲೆ, ಮೊದಲ ತಿರುವಿನ ಬೆಂಚು, ತಂತಿ, ಹೊಂಗೆಯ ನೆರಳು, ಮುಂದಿನ ಬೆಂಚು. ಮೇಷ್ಟ್ರ ನಡಿಗೆಯಲ್ಲಿ ನಡೆದೆ. ಬಂದ ಬಡಿತ ಅಲ್ಲೇ ಎಲ್ಲೋ ಹಿಂದೆ ಉಳಿಯಿತು.

ಆಗ ಅವರ ಬೆರಳು ಅಲುಗಿತು. ಎಳೆದರು, ಬಿಟ್ಟರು, ಮತ್ತೆ ಎಳೆದರು. ನಾನೂ ಎಳೆದೆ. ಎಲ್ಲಿ ನಿಲ್ಲಿಸಬೇಕೆಂದಿದ್ದೆನೋ ಅಲ್ಲೇ ನಿಲ್ಲಿಸಿದೆ. ಟವಲ್ ಕೊಡವುವ ಮೊದಲು ಅವರು ನನ್ನ ಅಂಗೈಯನ್ನು ಲೆಕ್ಕಕ್ಕೆ ಸೇರದ ಹಾಗೆ ಒಮ್ಮೆ ಅಮುಕಿದರು. "ಬೆಚ್ಚಗೈತೆ ಕಣಪ್ಪ" ಎಂದರು.

ಈಗಲೂ ಎದೆ ಒಮ್ಮೊಮ್ಮೆ ಹೊಡೆದುಕೊಳ್ಳುತ್ತದೆ. ಪೂರಾ ಹೋಯಿತು ಎಂದರೆ ಸುಳ್ಳಾದೀತು. ನೆಂಟನ ಹಾಗೆ ಬರುತ್ತದೆ, ಹೋಗುತ್ತದೆ, ಅದಕ್ಕಾಗಿ ನಾನು ಬಾಗಿಲು ಹಾಕಿಕೊಂಡು ಕೂರುವುದಿಲ್ಲ. ಹೆಸರಿಲ್ಲದ ಇಂಥ ಕಾಯಿಲೆ ಹೊತ್ತುಕೊಂಡು ಯಾರಿಗೂ ಹೇಳದೆ ಕೂತವರು ನಮ್ಮ ಸುತ್ತ ಇದ್ದೇ ಇದ್ದಾರೆ. ನಾನು ಬರೆದ ಮೇಲಾದರೂ ಅವರು ಮನೆಯಲ್ಲಿ ಒಬ್ಬರಿಗೆ ಹೇಳಲಿ. ಹತ್ತಿರದಲ್ಲಿ ಮೆಟ್ಟಿಲಿಲ್ಲದ ಒಂದು ದಾರಿ, ಕೂರಲು ಒಂದು ಬೆಂಚು ಇದ್ದರೆ, ಅದನ್ನು ಯಾವ ಗಾಡಿಗೆ ಮಾಡಿದ್ದರೂ ಸರಿ, ನಡೆಯಲಿ.

ಆ ದಿನದ ಮಾತು ಮುಗಿಸಿಬಿಡುತ್ತೇನೆ. ಗೂಡನ್ನು ಗಾಡಿಯಲ್ಲಿ ಮನೆಗೆ ಕಳಿಸಿ, ಸಂತೆಯಿಂದ ನೇರ ಪಾರ್ಕಿಗೆ ಹೋದೆ. ಕೈಯಲ್ಲಿ ಚೀಲವಿರಲಿಲ್ಲ, ದಾರಿಯಲ್ಲಿ ಯಾರು ಏನು ಕೇಳಿದರೋ ನೆನಪಿಲ್ಲ. ನಂಜಮ್ಮ ಎರಡನೆಯ ತಿರುವಿನ ಬೆಂಚಿನಲ್ಲಿ ಕೂತಿದ್ದಳು. ನನ್ನ ಮುಖ ನೋಡಿ ಜಾಗ ಬಿಟ್ಟಳು. ಪಕ್ಕದಲ್ಲಿ ಕೂತು ಟವಲ್ ಹಾಸಿದೆ. ಅವಳ ಕೈ ಹಿಡಿದು, ಮುನಿಶಾಮಪ್ಪನವರ ಗೂಡಿಗೆ ಕೊಟ್ಟ ದರವನ್ನು ಬೆರಳಲ್ಲಿ ಹೇಳಿದೆ.

ಅವಳು ಅದನ್ನು ಷಡ್ಡಕ ತರುತ್ತಿದ್ದ ದರಕ್ಕೆ ಹೋಲಿಸಿ ನೋಡಿರಬೇಕು.

"ಒಂದು ಬೆರಳು ಜಾಸ್ತಿ ಕೊಟ್ರಿ" ಎಂದಳು.

"ಬೇಕು ಅಂತಲೇ ಕೊಟ್ಟೆ. ಕೈ ನಡುಗ್ಲಿಲ್ಲ."

"ಗೊತ್ತಾಯ್ತು" ಎಂದಳು. ಮೇಷ್ಟ್ರು ಒಂದು ಸುತ್ತು ಮುಗಿಸಿ ನಮ್ಮೆದುರು ಹಾದುಹೋದರು, ಇನ್ನೊಂದು ಸುತ್ತು ಮುಗಿಸಿ ಮತ್ತೆ ಬಂದರು. ದರದ ಮಾತು ಆಗಲೇ ಮುಗಿದಿತ್ತು. ನಂಜಮ್ಮ ಟವಲ್ ಕೊಡವಲಿಲ್ಲ.